ಕೊಲೆಯ ರಾತ್ರಿ ಯಾವುದು: ಒಂದು ಥ್ರಿಲ್ಲರ್ ಎಳೆ ಓದುಗರ ಪ್ರಶ್ನೆಗಳಿಂದ ಬೆಳೆದ ಬಗೆ

ಥ್ರಿಲ್ಲರ್ ಚಿತ್ರವೊಂದರ ಕಥೆಯ ಎಳೆಯನ್ನು ಚಿತ್ರಕಥೆ ಬರೆಯುವುದಕ್ಕೆ ಮೊದಲೇ ಕೆಲವರ ಮುಂದಿಟ್ಟು, ಅವರ ಆಕ್ಷೇಪಗಳನ್ನು ಕೇಳಿಸಿಕೊಂಡು, ಅವುಗಳಲ್ಲಿ ಯಾವುದನ್ನು ಒಪ್ಪಬೇಕು, ಯಾವುದನ್ನು ಕೈಬಿಡಬೇಕು ಎಂದು ತೀರ್ಮಾನಿಸುತ್ತ ಹೋದ ಒಂದು ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಎಳೆ ಹೊಸ ಲೇಖಕಿಯೊಬ್ಬರದು. ಓದುಗರನ್ನು ಆರಿಸಿ, ಅವರ ಮಾತುಗಳನ್ನು ಒಟ್ಟುಗೂಡಿಸಿ, ಲೇಖಕಿಯೊಂದಿಗೆ ಕುಳಿತು ಚರ್ಚಿಸುವ ಕೆಲಸ ನನ್ನದಾಗಿತ್ತು. ಚಿತ್ರಕಥೆಯ ಒಂದು ಪುಟವೆಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ಲೆಕ್ಕ ಚಿತ್ರರಂಗದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಎರಡು ಗಂಟೆಯ ಚಿತ್ರಕ್ಕೆ 120 ಪುಟ. ಅಷ್ಟನ್ನೂ ಬರೆದು ಮುಗಿಸಿದ ಮೇಲೆ ಬುಡದಲ್ಲೇ ಲೋಪ ಕಂಡರೆ ಲೇಖಕರು ಸಾಮಾನ್ಯವಾಗಿ ಲೋಪವನ್ನು ತೆಗೆಯುವುದಿಲ್ಲ, ಅದನ್ನು ಸಂಭಾಷಣೆಯಿಂದ ಮುಚ್ಚುತ್ತಾರೆ. ಆದ್ದರಿಂದ ಎಳೆ ಇನ್ನೂ ಎರಡು ಪುಟವಿರುವಾಗಲೇ ಅದನ್ನು ಪರೀಕ್ಷೆಗೆ ಒಡ್ಡುವುದು ಲೇಖಕಿಯ ನಿರ್ಧಾರವಾಗಿತ್ತು, ಮತ್ತು ಅದು ಸರಿಯಾದ ನಿರ್ಧಾರ.

ಮೊದಲ ರೂಪ

ಎಳೆಯ ಮೊದಲ ರೂಪ ಹೀಗಿತ್ತು. ನ್ಯಾಯಾಲಯಗಳಿಗೆ ಧ್ವನಿಮುದ್ರಣಗಳನ್ನು ಪರೀಕ್ಷಿಸಿಕೊಡುವ ತಜ್ಞೆಯೊಬ್ಬಳ ಬಳಿಗೆ ಕೊಲೆಯಾದ ಉದ್ಯಮಿಯ ಕೊನೆಯ ಫೋನ್ ಕರೆಯ ಧ್ವನಿಮುದ್ರಣ ಬರುತ್ತದೆ. ಆ ಕರೆಯಲ್ಲಿ ಉದ್ಯಮಿಗೂ ಅವನ ತಮ್ಮನಿಗೂ ಜೋರು ಜಗಳ ನಡೆದಿದೆ, ತಮ್ಮನೇ ಆರೋಪಿ. ಆದರೆ ಆ ಕರೆ ಕೊಲೆಯ ರಾತ್ರಿಯದಲ್ಲ, ಅದಕ್ಕೂ ಹತ್ತು ದಿನ ಹಿಂದಿನದು ಎಂದು ತಜ್ಞೆ ಕಂಡುಕೊಳ್ಳುತ್ತಾಳೆ. ಅದನ್ನು ಹೇಳುವ ಮೊದಲೇ ಅವಳಿಗೆ ಬೆದರಿಕೆಗಳು ಬರುತ್ತವೆ, ಯಾರೋ ಹಿಂಬಾಲಿಸುತ್ತಾರೆ, ಕಚೇರಿಗೆ ಬೆಂಕಿ ಬೀಳುತ್ತದೆ. ಕೊನೆಯ ಹತ್ತು ನಿಮಿಷದಲ್ಲಿ, ಇದೆಲ್ಲದರ ಹಿಂದೆ ಇದ್ದವನು ಅವಳಿಗೆ ಈ ವಿದ್ಯೆಯನ್ನು ಕಲಿಸಿದ ಗುರು, ಅವಳ ಪ್ರಯೋಗಾಲಯದ ಮುಖ್ಯಸ್ಥ ಎಂದು ಬಯಲಾಗುತ್ತದೆ.

ಧ್ವನಿಮುದ್ರಣದ ದಿನಾಂಕವನ್ನು ಅವಳು ಕಂಡುಕೊಳ್ಳುವ ವಿಧಾನವೇ ಈ ಎಳೆಯ ನಿಜವಾದ ಆಸ್ತಿ, ಮತ್ತು ಅದು ಲೇಖಕಿಯ ಕಲ್ಪನೆಯಲ್ಲ. ವಿದ್ಯುತ್ ಜಾಲದಲ್ಲಿ ಹರಿಯುವ ಪರ್ಯಾಯ ಪ್ರವಾಹದ ಆವರ್ತನ ಬಹುಪಾಲು ದೇಶಗಳಲ್ಲಿ 50 ಹರ್ಟ್ಸ್, ಉತ್ತರ ಅಮೆರಿಕದಲ್ಲಿ 60 ಹರ್ಟ್ಸ್. ಬೇಡಿಕೆ ಹೆಚ್ಚಾದಾಗ ಅದು ಕೂದಲೆಳೆಯಷ್ಟು ಇಳಿಯುತ್ತದೆ, ಉತ್ಪಾದನೆ ಹೆಚ್ಚಾದಾಗ ಏರುತ್ತದೆ. ಈ ಏರಿಳಿತ ಒಂದೇ ಜಾಲಕ್ಕೆ ಸೇರಿದ ಎಲ್ಲ ಊರುಗಳಲ್ಲೂ ಒಂದೇ ಕ್ಷಣದಲ್ಲಿ ಒಂದೇ ಬಗೆಯಾಗಿರುತ್ತದೆ, ಮತ್ತು ದೀರ್ಘ ಅವಧಿಯನ್ನು ತೆಗೆದುಕೊಂಡರೆ ಒಂದು ರಾತ್ರಿಯ ಏರಿಳಿತ ಇನ್ನೊಂದು ರಾತ್ರಿಯದನ್ನು ಹೋಲುವುದಿಲ್ಲ. ಕೋಣೆಯ ವಿದ್ಯುತ್ ಉಪಕರಣಗಳ ಗುನುಗು ಧ್ವನಿಮುದ್ರಣದ ತಳದಲ್ಲಿ ಸೇರಿಕೊಂಡಿದ್ದರೆ, ಅದನ್ನು ಬೇರ್ಪಡಿಸಿ ಜಾಲದ ಆವರ್ತನದ ದಾಖಲೆಯೊಂದಿಗೆ ಹೊಂದಿಸಿ ನೋಡಿ ಅದು ಯಾವಾಗಿನದು ಎಂದು ಹೇಳಬಹುದು. ರೊಮೇನಿಯಾದ ಕ್ಯಾಟಲಿನ್ ಗ್ರಿಗೋರಾಸ್ ಈ ವಿಧಾನವನ್ನು ನ್ಯಾಯವಿಜ್ಞಾನಕ್ಕೆ ತಂದವರಲ್ಲಿ ಪ್ರಮುಖರು. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರ ಪ್ರಯೋಗಾಲಯ 2005ರಿಂದ ಇಂಥ ದಾಖಲೆಯನ್ನು ಇಟ್ಟುಕೊಂಡು ಬಂದಿದೆ. ತೆರೆಯ ಮೇಲೆ ಇದಕ್ಕೆ ಒಂದು ದೊಡ್ಡ ಅನುಕೂಲವಿದೆ: ಎರಡು ಗೆರೆಗಳು ಒಂದರ ಮೇಲೊಂದು ಕೂರುತ್ತವೆ ಅಥವಾ ಕೂರುವುದಿಲ್ಲ. ವಿಜ್ಞಾನ ತಿಳಿಯದ ಪ್ರೇಕ್ಷಕನಿಗೂ ಅದು ಕಣ್ಣಿಗೆ ಕಾಣುತ್ತದೆ.

ಓದುಗರಾಗಿ ನಾವು ಆರಿಸಿದವರಲ್ಲಿ ಒಬ್ಬ ಧ್ವನಿ ಎಂಜಿನಿಯರ್, ಒಬ್ಬ ವಕೀಲೆ, ಒಬ್ಬ ಚಿತ್ರ ಸಂಕಲನಕಾರ ಮತ್ತು ಚಿತ್ರರಂಗಕ್ಕೆ ಯಾವ ಸಂಬಂಧವೂ ಇಲ್ಲದ, ಆದರೆ ಥ್ರಿಲ್ಲರ್‌ಗಳನ್ನು ಬಿಡದೆ ನೋಡುವ ಒಬ್ಬ ಪ್ರೇಕ್ಷಕಿ ಇದ್ದರು. ಎಲ್ಲರಿಗೂ ಕೊಟ್ಟ ಸೂಚನೆ ಒಂದೇ: ಪರಿಹಾರ ಹೇಳುವುದು ಬೇಡ, ಎಲ್ಲಿ ನಂಬಿಕೆ ತಪ್ಪಿತು, ಎಲ್ಲಿ ಬೇಸರವಾಯಿತು, ಎಲ್ಲಿ ಮುಂದಿನದು ಮೊದಲೇ ಗೊತ್ತಾಯಿತು ಎಂಬುದನ್ನಷ್ಟೇ ಗುರುತು ಮಾಡಿ. ಓದುಗರು ಹೇಳುವ ಪರಿಹಾರ ಅವರ ಮನಸ್ಸಿನಲ್ಲಿರುವ ಬೇರೊಂದು ಚಿತ್ರಕ್ಕೆ ಸೇರಿದ್ದು. ಅವರು ತೋರಿಸುವ ನೋವಿನ ಜಾಗ ಮಾತ್ರ ಈ ಚಿತ್ರದ್ದು.

ಫೋನ್ ಕರೆ ಬಿದ್ದುಹೋದದ್ದು

ಮೊದಲ ಪೆಟ್ಟು ಧ್ವನಿ ಎಂಜಿನಿಯರ್ ಅವರಿಂದ ಬಂತು. ಸಾಂಪ್ರದಾಯಿಕ ದೂರವಾಣಿ ವ್ಯವಸ್ಥೆ ಸಾಗಿಸುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ. 50 ಹರ್ಟ್ಸ್‌ನ ಗುನುಗು ಆ ಬಾಗಿಲಲ್ಲೇ ಸೋಸಿಹೋಗುತ್ತದೆ. ಅದರ ಮೇಲಿನ ಸ್ತರಗಳು (50ರ ಗುಣಕಗಳಾದ ಆವರ್ತನಗಳು) ಎಲ್ಲೋ ಉಳಿದಿರಬಹುದಾದರೂ, ನಿಮಿಷಕ್ಕಿಂತ ಚಿಕ್ಕ ಕರೆಯಿಂದ ನಂಬಲರ್ಹ ಹೊಂದಿಕೆ ಸಿಗುವುದಿಲ್ಲ. ಈ ವಿಧಾನಕ್ಕೆ ಉದ್ದನೆಯ ಧ್ವನಿಮುದ್ರಣ ಬೇಕು. ಅದೇ ದೃಶ್ಯಕ್ಕೆ ಪ್ರೇಕ್ಷಕಿ ಕೇಳಿದ ಪ್ರಶ್ನೆ ಇನ್ನೂ ಸರಳವಾಗಿತ್ತು: ಫೋನ್ ಕರೆಯ ದಿನಾಂಕ ತಿಳಿಯಲು ಇಷ್ಟೆಲ್ಲ ವಿದ್ಯೆ ಯಾಕೆ ಬೇಕು, ಫೋನ್ ಕಂಪನಿಯನ್ನು ಕೇಳಿದರೆ ಸಾಲದೇ?

ಒಬ್ಬರು ವಿಜ್ಞಾನದಿಂದ, ಇನ್ನೊಬ್ಬರು ಸಾಮಾನ್ಯ ತಿಳಿವಳಿಕೆಯಿಂದ ಬಂದು ಒಂದೇ ಜಾಗವನ್ನು ಮುಟ್ಟಿದ್ದರು. ಇಂಥ ಕೂಡುವಿಕೆ ಕಂಡಾಗ ವಾದಿಸಬಾರದು. ಲೇಖಕಿ ಫೋನನ್ನು ತೆಗೆದುಹಾಕಿ, ಉದ್ಯಮಿಯ ಮೇಜಿನ ಮೇಲೆ ವಿದ್ಯುತ್ ಸಂಪರ್ಕಕ್ಕೆ ಜೋಡಿಸಿಟ್ಟಿದ್ದ ಒಂದು ಧ್ವನಿಮುದ್ರಕವನ್ನು ತಂದರು. ತನ್ನ ವ್ಯವಹಾರದ ಮಾತುಕತೆಗಳನ್ನೆಲ್ಲ ಮುದ್ರಿಸಿಕೊಳ್ಳುವ ಅಭ್ಯಾಸ ಅವನಿಗಿತ್ತು. ಈಗ ಧ್ವನಿಮುದ್ರಣ ನಲವತ್ತು ನಿಮಿಷದ್ದು. ಯಂತ್ರದ ಗಡಿಯಾರವನ್ನು ಯಾರು ಬೇಕಾದರೂ ತಿದ್ದಬಹುದಾದ್ದರಿಂದ ಅದು ತೋರಿಸುವ ದಿನಾಂಕಕ್ಕೆ ಬೆಲೆಯಿಲ್ಲ. ಜಗಳ ನಡೆದದ್ದು ನಿಜ ಎಂದು ತಮ್ಮನೇ ಒಪ್ಪುತ್ತಾನೆ, ಆದರೆ ಅದು ಹತ್ತು ದಿನ ಮೊದಲು ಎನ್ನುತ್ತಾನೆ. ಇಡೀ ಮೊಕದ್ದಮೆ 'ಯಾವತ್ತು' ಎಂಬ ಒಂದೇ ಪ್ರಶ್ನೆಯ ಮೇಲೆ ನಿಂತಿತು, ಮತ್ತು ನಾಯಕಿಯ ವಿದ್ಯೆ ಉತ್ತರಿಸಬಲ್ಲದ್ದೂ ಆ ಒಂದೇ ಪ್ರಶ್ನೆಗೆ. ತಾಂತ್ರಿಕ ತಿದ್ದುಪಡಿಯೊಂದು ಕಥೆಯ ಕೇಂದ್ರವನ್ನು ಇಷ್ಟು ಬಿಗಿಗೊಳಿಸಿದ್ದನ್ನು ನಾನು ಬೇರೆಡೆ ಹೆಚ್ಚು ಕಂಡಿಲ್ಲ.

ಗುರು ಯಾಕೆ ಕೊಟ್ಟ?

ವಕೀಲೆಯ ಆಕ್ಷೇಪ ಇದಕ್ಕಿಂತ ಆಳದಲ್ಲಿತ್ತು. ತಜ್ಞೆಗೆ ಸತ್ಯ ಗೊತ್ತಾಗುವುದು ಇಪ್ಪತ್ತನೆಯ ನಿಮಿಷದಲ್ಲಿ. ಅವಳನ್ನು ನೇಮಿಸಿದ್ದು ನ್ಯಾಯಾಲಯ. ಅಂದ ಮೇಲೆ ಅವಳು ವರದಿ ಬರೆದು ಸಲ್ಲಿಸಿಬಿಟ್ಟರೆ ಆಯಿತಲ್ಲ? ಬೆದರಿಕೆ, ಹಿಂಬಾಲಿಕೆ, ಬೆಂಕಿ ಇವೆಲ್ಲ ಅವಳನ್ನು ಓಡಿಸುತ್ತವೆಯೇ ಹೊರತು ತಡೆಯುವುದಿಲ್ಲ. ಒಮ್ಮೆ ಸಲ್ಲಿಸಿಬಿಟ್ಟ ವರದಿಗಾಗಿ ಅವಳನ್ನು ಕೊಲ್ಲುವುದರಲ್ಲೂ ಅರ್ಥವಿಲ್ಲ. ಸಂಕಲನಕಾರರು ಅದೇ ಭಾಗದ ಅಂಚಿನಲ್ಲಿ 'ಇಲ್ಲಿಂದ ನಲವತ್ತು ನಿಮಿಷ ಕತ್ತರಿಸಿದರೂ ಕಥೆಗೆ ನಷ್ಟವಿಲ್ಲ' ಎಂದು ಬರೆದಿದ್ದರು. ಎರಡೂ ಒಂದೇ ಆಕ್ಷೇಪ. ನಾಯಕಿ ಮುಂದೆ ಹೋಗಲಾರದ್ದಕ್ಕೆ ಕಾರಣವಿಲ್ಲದಿದ್ದರೆ ನಡುವಿನ ಎಲ್ಲ ಘಟನೆಗಳೂ ಹೊತ್ತು ಕಳೆಯುವ ಘಟನೆಗಳಾಗುತ್ತವೆ.

ಆದರೆ ಬಾಗಿಲು ತೆರೆದದ್ದು ಪ್ರೇಕ್ಷಕಿಯ ಒಂದು ಪ್ರಶ್ನೆ. 'ಗುರುವೇ ತಪ್ಪಿತಸ್ಥನಾಗಿದ್ದರೆ ತನ್ನ ಅತ್ಯಂತ ಜಾಣ ಶಿಷ್ಯೆಗೇ ಈ ಧ್ವನಿಮುದ್ರಣವನ್ನು ಯಾಕೆ ಕೊಟ್ಟ?' ಮೊದಲ ರೂಪದಲ್ಲಿ ಇದಕ್ಕೆ ಉತ್ತರವೇ ಇರಲಿಲ್ಲ. ಕೊಡದಿದ್ದರೆ ಕಥೆ ಶುರುವಾಗುವುದಿಲ್ಲವೆಂದು ಕೊಟ್ಟಿದ್ದ, ಅಷ್ಟೆ. ಖಳ ತನ್ನ ಅಗತ್ಯಕ್ಕಾಗಿ ಅಲ್ಲದೆ ಲೇಖಕರ ಅಗತ್ಯಕ್ಕಾಗಿ ನಡೆದುಕೊಂಡ ಕ್ಷಣವನ್ನು ಪ್ರೇಕ್ಷಕರು ಹೆಸರಿಡಲಾಗದಿದ್ದರೂ ಗುರುತಿಸುತ್ತಾರೆ.

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಲೇಖಕಿ ನಾಯಕಿಯನ್ನು ಬದಿಗಿಟ್ಟು ಗುರುವಿನ ದೃಷ್ಟಿಯಿಂದ ಇಡೀ ಕಥೆಯನ್ನು ದಿನದಿಂದ ದಿನಕ್ಕೆ ಬರೆದುಕೊಂಡರು. ಬಹಳ ವರ್ಷಗಳ ಹಿಂದೆ, ಅಪರಾಧಿಯೇ ಎಂದು ತನಗೆ ಮನವರಿಕೆಯಾಗಿದ್ದ ಒಬ್ಬ ವ್ಯಕ್ತಿಯ ಮೊಕದ್ದಮೆಯಲ್ಲಿ ಪ್ರಯೋಗಾಲಯದ ಆವರ್ತನ ದಾಖಲೆಯಲ್ಲಿ ಒಂದು ರಾತ್ರಿಯ ಅಂಶ ಬಿಟ್ಟುಹೋಗಿತ್ತು. ಗುರು ಆ ತೆರವನ್ನು ಕೃತಕ ಅಂಕಿಗಳಿಂದ ತುಂಬಿದ. ಆ ವ್ಯಕ್ತಿಗೆ ಶಿಕ್ಷೆಯಾಯಿತು. ಪ್ರಯೋಗಾಲಯದ ದಾಖಲೆಗಳ ಪ್ರತಿಗಳನ್ನು ಕಾಪಿಡುವ ಸಂಸ್ಥೆ ಈಗ ಕೊಲೆಯಾಗಿರುವ ಉದ್ಯಮಿಯದು. ಹಳೆಯ ಪ್ರತಿಗೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನು ಉದ್ಯಮಿ ಕಂಡುಕೊಂಡು ಬಹಿರಂಗಪಡಿಸಲು ಹೊರಟ. ಅದನ್ನು ಗುಟ್ಟಾಗಿ ತನ್ನ ಲಾಭಕ್ಕೆ ಬಳಸಿಕೊಳ್ಳಬೇಕೆಂದಿದ್ದ ಪಾಲುದಾರ ಅವನನ್ನು ಕೊಂದು, ಅಣ್ಣ-ತಮ್ಮಂದಿರ ಹಳೆಯ ಜಗಳದ ಧ್ವನಿಮುದ್ರಣವನ್ನು ಕೊಲೆಯ ರಾತ್ರಿಯದೆಂದು ಮುಂದಿಟ್ಟ. ಅದು ನಿಲ್ಲಬೇಕಾದರೆ ಪ್ರಯೋಗಾಲಯದ ದಾಖಲೆ ಅದಕ್ಕೆ ಹೊಂದಬೇಕು. ಹಳೆಯ ಗುಟ್ಟನ್ನು ಹಿಡಿದು ಅವನು ಗುರುವಿನ ಕೈ ತಿರುಚಿದ. ಗುರು ದಾಖಲೆಯಲ್ಲಿ ಎರಡು ರಾತ್ರಿಗಳ ಅಂಶವನ್ನು ಅದಲುಬದಲು ಮಾಡಿದ. ಒಂದೇ ರಾತ್ರಿಯನ್ನು ನಕಲು ಮಾಡಿ ಇನ್ನೊಂದರ ಜಾಗದಲ್ಲಿ ಇಡುವುದೆಂದು ಮೊದಲು ಬರೆದಿದ್ದಾಗ, ಹುಡುಕಿದರೆ ಎರಡು ಕಡೆ ಹೊಂದಿಕೆ ಸಿಗುತ್ತದಲ್ಲ ಎಂದು ಎಂಜಿನಿಯರ್ ಕೂಡಲೇ ಎಚ್ಚರಿಸಿದ್ದರು. ಅದಲುಬದಲಿನ ಯೋಚನೆ ಬಂದದ್ದು ಆ ಎಚ್ಚರಿಕೆಯಿಂದಲೇ.

ಈಗ ಶಿಷ್ಯೆಗೆ ಕೊಟ್ಟದ್ದಕ್ಕೆ ಕಾರಣ ತಾನಾಗಿ ಬಂತು. ತಮ್ಮನ ಪರ ವಕೀಲರು ಸ್ವತಂತ್ರ ಪರೀಕ್ಷೆ ಕೇಳಿದ್ದಾರೆ. ಪ್ರಾಮಾಣಿಕಳೆಂದು ಹೆಸರಾದ ಒಬ್ಬಳ ಸಹಿ ಗುರುವಿಗೆ ಬೇಕು, ಮತ್ತು ಆ ದಾಖಲೆಯನ್ನು ಒಂದು ಕ್ಷಣವೂ ಅನುಮಾನಿಸದೆ ಬಳಸುವವಳು ತಾನೇ ಕಲಿಸಿದ ಅವಳು. ಅವಳ ನಂಬಿಕೆಯೇ ಅವನ ಆಯುಧ. ಅಲ್ಲದೆ ಕೊಲೆ, ಪ್ರಯೋಗಾಲಯ, ಹಳೆಯ ಮೊಕದ್ದಮೆ ಮೂರೂ ಆಕಸ್ಮಿಕವಾಗಿ ಒಂದೆಡೆ ಸೇರಿದವುಗಳಾಗಿ ಉಳಿಯದೆ ಒಂದೇ ಕಾರಣದ ಸರಪಳಿಗೆ ಬಂದವು. 1929ರಲ್ಲಿ ಪತ್ತೇದಾರಿ ಕಥೆಗಳಿಗೆ ಹತ್ತು ನಿಯಮಗಳನ್ನು ಬರೆದ ರೊನಾಲ್ಡ್ ನಾಕ್ಸ್, ಆಕಸ್ಮಿಕ ಘಟನೆಯ ನೆರವು ಪತ್ತೇದಾರನಿಗೆ ಸಿಗಕೂಡದು ಎಂದಿದ್ದರು. ಥ್ರಿಲ್ಲರ್‌ನಲ್ಲಿ ಅದೇ ಕಟ್ಟುನಿಟ್ಟನ್ನು ಖಳನಿಗೂ ಅನ್ವಯಿಸಬೇಕೆಂಬುದು ನನ್ನ ಅಭಿಪ್ರಾಯ. ಕಥೆಯ ಆರಂಭದಲ್ಲಿ ಒಂದು ಆಕಸ್ಮಿಕವನ್ನು ಪ್ರೇಕ್ಷಕರು ಕ್ಷಮಿಸಿಯಾರು. ಖಳನ ಯೋಜನೆ ಆಕಸ್ಮಿಕಗಳಿಂದಲೇ ಸಾಗಿದರೆ ಅವನ ಬಗೆಗಿನ ಭಯ ಹೊರಟುಹೋಗುತ್ತದೆ.

ಯಾರಿಗೆ, ಯಾವಾಗ, ಏನು ಗೊತ್ತು

ಇಲ್ಲಿಯವರೆಗಿನ ಆಕ್ಷೇಪಗಳನ್ನೆಲ್ಲ ಒಟ್ಟಿಗೆ ಹರಡಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಯಿತು, ಮತ್ತು ಈ ಪ್ರಕರಣವನ್ನು ಬರೆದಿಡಬೇಕೆನಿಸಿದ್ದೂ ಅದಕ್ಕಾಗಿಯೇ. 'ಲಾಜಿಕ್ ಇಲ್ಲ', 'ನಡುವೆ ಎಳೆಯುತ್ತದೆ', 'ಟ್ವಿಸ್ಟ್ ಮೊದಲೇ ಗೊತ್ತಾಯಿತು' ಎಂದು ಮೂರು ಹೆಸರುಗಳಲ್ಲಿ ಬಂದ ಮಾತುಗಳು ನಿಜವಾಗಿ ಒಂದೇ ದೌರ್ಬಲ್ಯದ ಕಡೆಗೆ ಬೆರಳು ಮಾಡುತ್ತಿದ್ದವು: ನಾಯಕಿ, ಖಳ ಮತ್ತು ಪ್ರೇಕ್ಷಕ ಈ ಮೂವರಲ್ಲಿ ಯಾರಿಗೆ ಯಾವ ಹಂತದಲ್ಲಿ ಏನು ತಿಳಿದಿದೆ ಎಂಬುದನ್ನು ಎಳೆ ತೀರ್ಮಾನಿಸಿರಲಿಲ್ಲ. ಆದ್ದರಿಂದ ಒಂದು ದೊಡ್ಡ ಹಾಳೆಯಲ್ಲಿ ಮೂರು ಸಾಲು ಹಾಕಿ, ಪ್ರತಿ ದೃಶ್ಯದ ಕೊನೆಗೆ ಮೂವರ ತಿಳಿವನ್ನೂ ಬರೆಯುತ್ತ ಹೋದೆವು. ಮೊದಲ ರೂಪದಲ್ಲಿ ನಾಯಕಿಯ ಸಾಲೂ ಪ್ರೇಕ್ಷಕನ ಸಾಲೂ ಕೊನೆಯವರೆಗೆ ಒಂದೇ ಆಗಿದ್ದವು. ಅವಳಿಗೆ ಗೊತ್ತಾದಾಗಲೇ ಅವನಿಗೂ ಗೊತ್ತಾಗುತ್ತಿತ್ತು. ಅಂಥ ಕಥೆಯಲ್ಲಿ ಕುತೂಹಲವಿರಬಹುದು, ಆತಂಕ ಹುಟ್ಟುವುದು ಕಷ್ಟ.

ಥ್ರಿಲ್ಲರ್ ಚಿತ್ರಗಳ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಅವರು ಫ್ರೆಂಚ್ ನಿರ್ದೇಶಕ ಫ್ರಾನ್ಸ್‌ವಾ ಟ್ರೂಫೋ ಅವರೊಂದಿಗೆ 1962ರಲ್ಲಿ ನಡೆಸಿದ ಸಂವಾದದಲ್ಲಿ ವಿವರಿಸಿದ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಚಿತ್ರಕಥೆ ಕಲಿಯುವ ಎಲ್ಲರಿಗೂ ಗೊತ್ತು. ಇಬ್ಬರು ಮಾತಾಡುತ್ತ ಕುಳಿತಿರುವಾಗ ಬಾಂಬು ಹಠಾತ್ತನೆ ಸಿಡಿದರೆ ಪ್ರೇಕ್ಷಕನಿಗೆ ಹದಿನೈದು ಸೆಕೆಂಡಿನ ಅಚ್ಚರಿ. ಬಾಂಬು ಇದೆಯೆಂದು ಅವನಿಗೆ ಮೊದಲೇ ತಿಳಿಸಿದ್ದರೆ ಹದಿನೈದು ನಿಮಿಷದ ಆತಂಕ. ಗೊತ್ತಿದ್ದರೂ ಹೊಸ ಲೇಖಕರು ಅದನ್ನು ತಮ್ಮ ಕಥೆಗೆ ಅನ್ವಯಿಸಲು ಹಿಂಜರಿಯುತ್ತಾರೆ, ಏಕೆಂದರೆ ಕೊನೆಗೆಂದು ಕೂಡಿಟ್ಟ ಗುಟ್ಟನ್ನು ಮುಂಚೆಯೇ ಬಿಟ್ಟುಕೊಡಬೇಕಾಗುತ್ತದೆ. ಸಂಕಲನಕಾರರು ಗುರುವಿನ ಕೃತ್ಯವನ್ನು ಮೊದಲ ಮೂರನೆಯ ಒಂದು ಭಾಗದಲ್ಲೇ ತೋರಿಸಿಬಿಡಬೇಕೆಂದರು. ಪ್ರೇಕ್ಷಕಿ, ಹಾಗಾದರೆ ಕೊನೆಯವರೆಗೆ ಕೂರುವುದಾದರೂ ಯಾಕೆ ಎಂದರು. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಲೇಖಕಿ ಗುಟ್ಟನ್ನು ಎರಡಾಗಿ ಸೀಳಿದರು. ಗುರು ಏನು ಮಾಡಿದ ಎಂಬುದು ಮೂವತ್ತನೆಯ ನಿಮಿಷದ ಹೊತ್ತಿಗೆ ಪ್ರೇಕ್ಷಕನಿಗೆ ಗೊತ್ತಾಗುತ್ತದೆ. ಏಕೆ ಮಾಡಿದ ಎಂಬುದು ತೊಂಬತ್ತನೆಯ ನಿಮಿಷದವರೆಗೆ ಗೊತ್ತಾಗುವುದಿಲ್ಲ.

ಈ ಬದಲಾವಣೆ ಒಂದು ದೃಶ್ಯದಲ್ಲಿ ಹೇಗೆ ಕೆಲಸ ಮಾಡಿತೆಂಬುದನ್ನು ಹತ್ತಿರದಿಂದ ನೋಡಬಹುದು. ಹೊಸ ರೂಪದಲ್ಲಿ ಪ್ರಯೋಗಾಲಯದ ದಾಖಲೆಗೂ ಧ್ವನಿಮುದ್ರಣಕ್ಕೂ ಹೊಂದಿಕೆ ಸಿಗುತ್ತದೆ, ತಜ್ಞೆ ಕರಡು ವರದಿಗೆ ಸಹಿಯನ್ನೂ ಹಾಕುತ್ತಾಳೆ. ಆದರೆ ಆ ರಾತ್ರಿಯ ದಾಖಲೆಯ ಅಂಚಿನಲ್ಲಿ ಕೆಲವು ಸೆಕೆಂಡುಗಳ ಕಾಲ ಗೆರೆ ತೀರ ನುಣುಪಾಗಿರುವುದು ಅವಳ ಕಣ್ಣಿಗೆ ಬೀಳುತ್ತದೆ. ಅದಲುಬದಲು ಮಾಡಿದ ತುಂಡಿನ ಜೋಡಣೆಯಲ್ಲಿ ಆವರ್ತನ ಜಿಗಿಯಬಾರದೆಂದು ಗುರು ತೀಡಿದ ಜಾಗ ಅದು. (ನಿಜವಾದ ದಾಖಲೆ ಎಂದೂ ಇಷ್ಟು ನುಣುಪಾಗಿರುವುದಿಲ್ಲ ಎಂಬ ಮಾತನ್ನು ಅವಳು ಎಂಟನೆಯ ನಿಮಿಷದಲ್ಲೇ ತರಬೇತಿಗೆ ಬಂದವರಿಗೆ ಹೇಳಿರುತ್ತಾಳೆ, ಸುಳಿವು ಪ್ರೇಕ್ಷಕನ ಕೈಗೆ ನ್ಯಾಯವಾಗಿಯೇ ಸಿಕ್ಕಿರುತ್ತದೆ.) ಉಪಕರಣದ ದೋಷವಿರಬಹುದೆಂದು ಭಾವಿಸಿ ಅವಳು ಗುರುವಿನ ಬಳಿಯೇ ಹೋಗುತ್ತಾಳೆ. ಹೋಗದೆ ಬೇರೆ ದಾರಿಯಿಲ್ಲ. ವಿದ್ಯುತ್ ಜಾಲವನ್ನು ನಡೆಸುವ ಸಂಸ್ಥೆ ತನ್ನದೇ ಆವರ್ತನ ದಾಖಲೆಯನ್ನು ಇಟ್ಟಿರುತ್ತದೆ, ಆದರೆ ಅದನ್ನು ಕೋರುವ ಪತ್ರಕ್ಕೆ ಪ್ರಯೋಗಾಲಯದ ಮುಖ್ಯಸ್ಥನ ಸಹಿ ಬೇಕು.

ಅವಳು ಪತ್ರವನ್ನು ಮೇಜಿನ ಮೇಲಿಡುತ್ತಾಳೆ. ಗುರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದುತ್ತಾನೆ, ಒಂದು ಕಾಗುಣಿತದ ತಪ್ಪನ್ನು ತಿದ್ದುತ್ತಾನೆ, ಸಹಿ ಹಾಕುತ್ತಾನೆ. 'ಬೇಗ ಸಿಕ್ಕರೆ ಒಳ್ಳೆಯದಿತ್ತು ಸರ್' ಎನ್ನುತ್ತಾಳೆ ಅವಳು. 'ಇವತ್ತೇ ಹೋಗುತ್ತೆ. ನೀನು ಮನೆಗೆ ಹೋಗಿ ಸ್ವಲ್ಪ ನಿದ್ದೆ ಮಾಡಮ್ಮ' ಎನ್ನುತ್ತಾನೆ ಅವನು. ಅವಳು ಕೃತಜ್ಞತೆಯಿಂದ ಹೊರಡುತ್ತಾಳೆ. ಪತ್ರ ಮೇಜಿನ ಒಳಖಾನೆಗೆ ಹೋಗುವುದನ್ನು ಕ್ಯಾಮೆರಾ ತೋರಿಸುವುದೂ ಇಲ್ಲ, ತೋರಿಸುವ ಅಗತ್ಯವಿಲ್ಲ. ಮೊದಲ ರೂಪದಲ್ಲಿ ಇದೇ ಜಾಗದಲ್ಲಿ ಕಚೇರಿಗೆ ಬೆಂಕಿ ಬೀಳುತ್ತಿತ್ತು. ಎರಡನ್ನೂ ಓದಿದ ಎಲ್ಲರೂ, ಹೆಚ್ಚು ಉಸಿರು ಬಿಗಿಹಿಡಿದದ್ದು ಸಹಿಯ ದೃಶ್ಯದಲ್ಲಿ ಎಂದರು. ಜಾಲದ ಸಂಸ್ಥೆಯನ್ನು ಅವಳು ಯಾಕೆ ಕೇಳುವುದಿಲ್ಲ ಎಂಬ ಎಂಜಿನಿಯರ್ ಅವರ ಇನ್ನೊಂದು ಆಕ್ಷೇಪವನ್ನು ಮುಚ್ಚಿಹಾಕದೆ, ಅವಳು ಕೇಳಲಿ, ತಡೆಯುವವನು ತಡೆಯಲಿ ಎಂದು ತೀರ್ಮಾನಿಸಿದ್ದರಿಂದ ಈ ದೃಶ್ಯ ಹುಟ್ಟಿತು.

ಒಪ್ಪದ ಸಲಹೆಗಳು

ಬೇಡವೆಂದರೂ ಪರಿಹಾರಗಳು ಬಂದವು. ತಜ್ಞೆ ವಿದ್ಯಾರ್ಥಿನಿಯಾಗಿದ್ದಾಗ ಅಭ್ಯಾಸಕ್ಕೆಂದು ಮನೆಯಲ್ಲಿ ಜೋಡಿಸಿದ ಸಣ್ಣ ಯಂತ್ರವೊಂದು ಅಂದಿನಿಂದಲೂ ಆವರ್ತನವನ್ನು ದಾಖಲಿಸುತ್ತಿದೆ ಎಂಬುದು ಹೊಸ ರೂಪದ ಒಂದು ಅಂಶ. ಆ ಯಂತ್ರ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವಂಥದ್ದಾಗಲಿ, ಕೊಲೆಯ ರಾತ್ರಿಯ ದಾಖಲೆ ಅಳಿಯಲು ಕೆಲವೇ ಗಂಟೆಗಳಿರಲಿ ಎಂದು ಒಬ್ಬರು ಹುರುಪಿನಿಂದ ಸೂಚಿಸಿದರು. ಕೇಳಲು ಚೆನ್ನಾಗಿದೆ, ಆದರೆ ಅವಳು ಒಂದು ಪೆನ್‌ಡ್ರೈವ್ ಹಾಕಿ ಎರಡೇ ನಿಮಿಷದಲ್ಲಿ ಪ್ರತಿ ತೆಗೆದುಕೊಳ್ಳಬಲ್ಲಳು. ಪಾತ್ರವನ್ನು ದಡ್ಡಿಯಾಗಿಸಿ ಗಡುವು ತರಬಾರದು. ಆ ಯಂತ್ರದ ನಿಜವಾದ ಮಿತಿಯನ್ನು ವಕೀಲೆ ತೋರಿಸಿಕೊಟ್ಟರು. ಯಾರ ಮೇಲ್ವಿಚಾರಣೆಯೂ ಇಲ್ಲದ ಮನೆಯ ಯಂತ್ರದ ದಾಖಲೆಯನ್ನು ಅವಳೇ ಸೃಷ್ಟಿಸಿದ್ದೆಂದು ಎದುರು ಪಕ್ಷ ಸುಲಭವಾಗಿ ಹೇಳಬಹುದು. ಅಂದರೆ ಅದು ಅವಳಿಗೆ ಸತ್ಯವನ್ನು ತಿಳಿಸುತ್ತದೆ, ಆದರೆ ನ್ಯಾಯಾಲಯಕ್ಕೆ ಸಾಬೀತು ಮಾಡುವುದಿಲ್ಲ. ಗೊತ್ತಿರುವುದಕ್ಕೂ ಸಾಬೀತು ಮಾಡುವುದಕ್ಕೂ ನಡುವಿನ ಆ ಅಂತರದಲ್ಲಿ ಚಿತ್ರದ ನಡುಭಾಗವೆಲ್ಲ ಕುಳಿತಿತು. ಸಂಕಲನಕಾರರು ಕತ್ತರಿಸಬಹುದೆಂದಿದ್ದ ನಲವತ್ತು ನಿಮಿಷ ತುಂಬಿದ್ದು ಇದರಿಂದ.

ನಾಯಕಿಯೇ ಕೊಲೆಗಾತಿಯೆಂದು ಕೊನೆಗೆ ತೋರಿಸುವ ಸಲಹೆಯನ್ನು ಲೇಖಕಿ ಚರ್ಚಿಸದೆಯೇ ಬಿಟ್ಟರು. ತನಿಖಾಧಿಕಾರಿಯೊಂದಿಗೆ ಪ್ರೇಮ ಬೇಕೆಂಬುದನ್ನೂ ಬಿಟ್ಟರು, ಆದರೆ ಅದರ ಹಿಂದಿದ್ದ ಕೊರತೆಯನ್ನು ಗುರುತಿಸಿದರು: ನಾಯಕಿ ಕಳೆದುಕೊಳ್ಳಬಹುದಾದದ್ದು ಏನೂ ಇರಲಿಲ್ಲ. ಅದಕ್ಕೆ ಸಿಕ್ಕ ಉತ್ತರ ಕಥೆಯೊಳಗೇ ಇತ್ತು. ಗುರು ದಾಖಲೆ ತುಂಬಿದ ಆ ಹಳೆಯ ಮೊಕದ್ದಮೆಯಲ್ಲಿ, ಅದೇ ದಾಖಲೆಯನ್ನು ನಂಬಿ ತನ್ನ ಜೀವನದ ಮೊದಲ ಸಾಕ್ಷ್ಯ ನುಡಿದವಳು ಅವಳೇ. ಈಗ ಗುರುವಿನ ಕೃತ್ಯವನ್ನು ಬಯಲು ಮಾಡಿದರೆ, ಅವಳ ಮಾತಿನ ಬಲದಿಂದ ಸೆರೆಮನೆಗೆ ಹೋದ ಮನುಷ್ಯನ ಕಡತವೂ ತೆರೆಯುತ್ತದೆ. ವರದಿ ಸಲ್ಲಿಸಿದರೆ ಆಯಿತಲ್ಲ ಎಂಬ ವಕೀಲೆಯ ಮೊದಲ ಪ್ರಶ್ನೆಗೆ ಹೊರಗಿನ ಬೆದರಿಕೆಯಿಲ್ಲದೆ ಉತ್ತರ ಸಿಕ್ಕಿತು.

ಈಗಿನ ರೂಪ

ಈಗ ಎಳೆಯನ್ನು ಲೇಖಕಿ ಹೀಗೆ ಹೇಳುತ್ತಾರೆ: ಧ್ವನಿಮುದ್ರಣಗಳ ದಿನಾಂಕ ಪತ್ತೆ ಮಾಡುವ ತಜ್ಞೆಯೊಬ್ಬಳು, ತನ್ನ ಗುರುವೇ ತಿದ್ದಿದ ದಾಖಲೆಯನ್ನು ನಂಬಿ ನಿರಪರಾಧಿಯೊಬ್ಬನ ವಿರುದ್ಧ ಸಹಿ ಹಾಕಿದ ಮೇಲೆ, ವಿಚಾರಣೆಯ ದಿನದೊಳಗೆ ಸತ್ಯವನ್ನು ಸಾಬೀತು ಮಾಡಬೇಕಾಗುತ್ತದೆ, ಆದರೆ ಆ ಸತ್ಯ ಅವಳ ಮೊದಲ ಸಾಕ್ಷ್ಯವನ್ನೂ ಸುಳ್ಳಾಗಿಸುತ್ತದೆ. ಮೊದಲ ರೂಪದಲ್ಲಿದ್ದ ಹಿಂಬಾಲಿಕೆಗಳಲ್ಲಿ ಒಂದೂ ಉಳಿದಿಲ್ಲ. ಪಾಲುದಾರನ ಒಂದು ಬೆದರಿಕೆ ಉಳಿದಿದೆ, ಅದೂ ಗುರುವಿಗೆ ಬರುವಂಥದ್ದು.

ಒಂದು ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಹಳೆಯ ಮೊಕದ್ದಮೆಯ ಆ ಸೆರೆಯಾಳು ನಿಜಕ್ಕೂ ಅಪರಾಧಿಯೇ, ಅಲ್ಲವೇ? ಅವನು ನಿರಪರಾಧಿಯಾಗಿದ್ದರೆ ನಾಯಕಿಯ ಆಯ್ಕೆ ಕಷ್ಟದ್ದಾದರೂ ಪ್ರೇಕ್ಷಕನ ಮನಸ್ಸಿನಲ್ಲಿ ಸಂದೇಹವಿರುವುದಿಲ್ಲ. ಗುರು ನಂಬಿದ್ದಂತೆ ಅವನು ಅಪರಾಧಿಯೇ ಆಗಿದ್ದರೆ, ಸತ್ಯ ಹೇಳಿ ಒಬ್ಬ ನಿರಪರಾಧಿಯನ್ನು ಉಳಿಸುವವಳು ಒಬ್ಬ ಕೊಲೆಗಾರನನ್ನೂ ಬಿಡಿಸುತ್ತಾಳೆ. ಓದುಗರು ಈ ವಿಷಯದಲ್ಲಿ ಎರಡು ಪಾಲಾಗಿದ್ದಾರೆ. ನಾನು ಎರಡನೆಯದರ ಪರ, ಏಕೆಂದರೆ ಅಲ್ಲಿ ಗುರುವಿನ ವಾದಕ್ಕೂ ತೂಕ ಬರುತ್ತದೆ. ಲೇಖಕಿ ಚಿತ್ರಕಥೆಯ ಕೊನೆಯ ಭಾಗವನ್ನು ಎರಡೂ ಬಗೆಯಲ್ಲಿ ಬರೆದು, ಅದೇ ಓದುಗರಿಗೆ ಹೆಸರು ಹೇಳದೆ ಕೊಡಲಿದ್ದಾರೆ.